ಹನ್ನೊಂದು ನೋಟ್‌ಪುಸ್ತಕ, ಒಂದು ಪತ್ರ: ತಡವಾಗಿ ಆರಂಭವಾದ ಪದವಿಯೊಂದರ ಪ್ರಕರಣ ಅಧ್ಯಯನ

ಮುಕ್ತ ವಿಶ್ವವಿದ್ಯಾಲಯವೊಂದರ ಅಧ್ಯಯನ ಕೇಂದ್ರದಲ್ಲಿ ನಾನು ಹಲವು ವರ್ಷಗಳಿಂದ ಶೈಕ್ಷಣಿಕ ಸಲಹೆಗಾರನಾಗಿದ್ದೇನೆ. ಭಾನುವಾರದ ಸಂಪರ್ಕ ತರಗತಿಗಳನ್ನು ನಡೆಸುವುದು, ಅಸೈನ್‌ಮೆಂಟ್‌ಗಳನ್ನು ತಿದ್ದುವುದು, ಓದು ನಿಂತುಹೋದವರನ್ನು ಕೂರಿಸಿಕೊಂಡು ಮಾತನಾಡುವುದು ನನ್ನ ಕೆಲಸ. ಆರೂವರೆ ವರ್ಷ ಹತ್ತಿರದಿಂದ ಕಂಡ ಒಬ್ಬ ವಿದ್ಯಾರ್ಥಿನಿಯ ಓದಿನ ಕಥೆಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಅವರನ್ನು ‘ವಿ’ ಎಂದು ಕರೆದಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಓದಿನ ಲೆಕ್ಕಗಳನ್ನೂ ನಿರ್ಧಾರಗಳ ಕ್ರಮವನ್ನೂ ಇದ್ದಂತೆಯೇ ಉಳಿಸಿದ್ದೇನೆ. ಮೊದಲ ಎರಡು ವರ್ಷ ಅವರ ತೊಂದರೆ ಏನೆಂಬುದು ನನಗೇ ತಿಳಿಯಲಿಲ್ಲ. ತಪ್ಪು ಔಷಧ ಕೊಟ್ಟೆ. ಬೇರೆ ಸಲಹೆಗಾರರಿಗೂ ತಡವಾಗಿ ಓದಲು ಹೊರಟವರಿಗೂ ಉಪಯೋಗವಾಗುವುದು ಬಹುಶಃ ಆ ಭಾಗವೇ. ಹಾಗಾಗಿ ಅದನ್ನು ವಿವರವಾಗಿ ಬರೆದಿದ್ದೇನೆ.

ಹಿನ್ನೆಲೆ

ನೋಂದಣಿಗೆ ಬಂದಾಗ ವಿ ಅವರಿಗೆ 44 ವರ್ಷ. ಗ್ರಂಥಾಲಯವೊಂದರಲ್ಲಿ 19 ವರ್ಷಗಳಿಂದ ಸಹಾಯಕಿ. ಪುಸ್ತಕ ಎರವಲು ಕೊಡುವುದು, ಹಿಂತಿರುಗಿ ಬಂದವನ್ನು ಕಪಾಟಿಗೆ ಸೇರಿಸುವುದು, ಹೊಸದಾಗಿ ಬಂದವನ್ನು ರಿಜಿಸ್ಟರಿನಲ್ಲಿ ದಾಖಲಿಸಿ ಬೆನ್ನಿಗೆ ಸಂಖ್ಯೆ ಅಂಟಿಸುವುದು ಅವರ ದಿನಚರಿ. ಹನ್ನೆರಡನೆಯ ತರಗತಿ ಮುಗಿಸಿದ ವರ್ಷವೇ ತಂದೆ ಹಾಸಿಗೆ ಹಿಡಿದಿದ್ದರು. ಕಾಲೇಜಿಗೆ ತಂದಿಟ್ಟ ಅರ್ಜಿ ಹಾಗೆಯೇ ಉಳಿಯಿತು. ಮನೆಯಲ್ಲಿ ಪತಿ, ಹೈಸ್ಕೂಲಿನಲ್ಲಿ ಓದುವ ಮಗ, ಓಡಾಟ ಕಡಿಮೆಯಾದ ಅತ್ತೆ. ಪತಿಯದು ಪಾಳಿಯ ಕೆಲಸ.

ಏಕೆ ಓದಬೇಕೆಂದಿದ್ದೀರಿ ಎಂದು ಕೇಳಿದಾಗ ಅವರು ಬಡ್ತಿಯ ಮಾತೆತ್ತಲಿಲ್ಲ. ಕೌಂಟರಿನಲ್ಲಿ ಒಬ್ಬ ಕಾಲೇಜು ಹುಡುಗನಿಗೆ ಇತಿಹಾಸದ ಮೂರು ಪುಸ್ತಕಗಳನ್ನು ಹುಡುಕಿ, ಯಾವುದನ್ನು ಮೊದಲು ಓದಬೇಕೆಂದೂ ಹೇಳಿದ್ದರಂತೆ. ಆತ ಸಂತೋಷದಿಂದ, ‘ಮೇಡಂ, ನೀವು ಇತಿಹಾಸದಲ್ಲಿ ಎಂ.ಎ. ಮಾಡಿದ್ದೀರಾ?’ ಎಂದು ಕೇಳಿದ. ಇವರು ಉತ್ತರ ಕೊಡದೆ ರಿಜಿಸ್ಟರಿನತ್ತ ತಿರುಗಿಕೊಂಡರು. ‘ಆ ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಸರ್. ಆದರೆ ಅದಾದ ಮೇಲೆ ವಾರವಿಡೀ ನನಗೆ ನಿದ್ದೆ ಬರಲಿಲ್ಲ’ ಎಂದರು.

ಅಂದು ಅವರಿಗಿದ್ದ ಸಂಶಯ ಒಂದೇ: ಅಂಚೆಯಲ್ಲಿ ಪುಸ್ತಕ ತರಿಸಿ, ಮನೆಯಲ್ಲೇ ಕೂತು ಪಡೆದ ಪದವಿಗೆ ಮರ್ಯಾದೆ ಇದೆಯೇ? ನಾನು ಸ್ವಲ್ಪ ಚರಿತ್ರೆ ಹೇಳಿದೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಶುರುವಾದಾಗ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯ ಮೂಲಕವೇ ಕಲಿಸತೊಡಗಿದ್ದ. ಅವನು ಪಾಠವನ್ನಷ್ಟೇ ಕಳಿಸುತ್ತಿರಲಿಲ್ಲ. ವಿದ್ಯಾರ್ಥಿಗಳು ಬರೆದದ್ದನ್ನು ತರಿಸಿಕೊಂಡು ತಿದ್ದಿ ಹಿಂದಕ್ಕೆ ಕಳಿಸುತ್ತಿದ್ದ. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ, ಕಾಲೇಜಿಗೆ ಸೇರದವರಿಗೂ ತನ್ನ ಪದವಿ ಪರೀಕ್ಷೆಗಳ ಬಾಗಿಲು ತೆರೆಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ಮೊದಲ ತಂಡದ ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿತು. ನೆಲ್ಸನ್ ಮಂಡೇಲಾ 1943ರಲ್ಲಿ ಆರಂಭಿಸಿದ ಕಾನೂನು ಪದವಿಯನ್ನು ಪೂರ್ತಿಗೊಳಿಸಿದ್ದು 1989ರಲ್ಲಿ, ಸೆರೆಯಲ್ಲಿದ್ದುಕೊಂಡೇ, ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ದೂರಶಿಕ್ಷಣದ ಮೂಲಕ. ವಿ ಅವರು ಕೊನೆಯ ಸಂಗತಿಯನ್ನು ಎರಡು ಬಾರಿ ಕೇಳಿಸಿಕೊಂಡರು. ಮೊದಲ ನೋಟ್‌ಪುಸ್ತಕದ ಒಳಹಾಳೆಯಲ್ಲಿ ‘1943–1989’ ಎಂದಷ್ಟೇ ಬರೆದುಕೊಂಡಿದ್ದನ್ನು ನಾನು ಕಂಡದ್ದು ಬಹಳ ದಿನಗಳ ನಂತರ.

ಪಿಟ್‌ಮನ್ ಕಲಿತವರು ಬರೆದದ್ದನ್ನು ತರಿಸಿಕೊಳ್ಳುತ್ತಿದ್ದ ಎಂಬುದನ್ನು ಅವರಿಗೆ ಹೇಳಿದವನು ನಾನೇ. ಆ ಮಾತಿನ ಅರ್ಥ ನನಗೇ ತಿಳಿಯಲು ಎರಡು ವರ್ಷ ಬೇಕಾಯಿತು.

ತೊಡಕು ಕಾಣಿಸಿಕೊಂಡದ್ದು

ಆಗ ನಮ್ಮ ಬಿ.ಎ. ಪದವಿಗೆ ಒಟ್ಟು 96 ಕ್ರೆಡಿಟ್ ಇತ್ತು. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಒಂದು ಕ್ರೆಡಿಟ್ ಎಂದರೆ ಓದು, ಬರಹ, ತರಗತಿ ಎಲ್ಲ ಸೇರಿ 30 ಗಂಟೆಯ ಕೆಲಸ. ಪ್ರತಿ ವಿಷಯದ ಅಸೈನ್‌ಮೆಂಟ್‌ಗಳನ್ನು ಸಲ್ಲಿಸಿದವರಿಗೆ ಮಾತ್ರ ಆ ವಿಷಯದ ಪರೀಕ್ಷೆಗೆ ಕೂರಲು ಅವಕಾಶ. ಎಲ್ಲರೂ ಮಾಡುವಂತೆ ವಿ ಅವರೂ ಮೊದಲ ವರ್ಷ ಪೂರ್ತಿ 32 ಕ್ರೆಡಿಟ್‌ಗೆ, ಅಂದರೆ ಎಂಟು ಕ್ರೆಡಿಟ್‌ಗಳ ನಾಲ್ಕು ವಿಷಯಗಳಿಗೆ ನೋಂದಾಯಿಸಿಕೊಂಡರು. ‘ಮೂರೇ ವರ್ಷದಲ್ಲಿ ಮುಗಿಸಿಬಿಡುತ್ತೇನೆ’ ಎಂದರು. ಉತ್ಸಾಹ ಕಂಡು ನಾನೂ ತಲೆಯಾಡಿಸಿದೆ. ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂದು ಕೂಡಿಸಿ ಕಳೆದು ನೋಡೋಣ ಎನ್ನುವ ಯೋಚನೆ ಅಂದು ನನಗೆ ಬರಲಿಲ್ಲ.

ಪುಸ್ತಕಗಳು ಬಂದವು. ಗ್ರಂಥಾಲಯದವರಲ್ಲವೇ, ಎಲ್ಲಕ್ಕೂ ರಟ್ಟು ಹಾಕಿ, ಕ್ರಮಸಂಖ್ಯೆ ಕೊಟ್ಟು ಜೋಡಿಸಿಕೊಂಡರು. ಐದು ತಿಂಗಳಲ್ಲಿ ಅಷ್ಟನ್ನೂ ಓದಿ ಮುಗಿಸಿದರು. ಸಂಪರ್ಕ ತರಗತಿಯಲ್ಲಿ ಅವರಷ್ಟು ತಯಾರಾಗಿ ಬರುವವರು ಇರಲಿಲ್ಲ. ಆದರೆ ಎಂಟು ಅಸೈನ್‌ಮೆಂಟ್‌ಗಳಲ್ಲಿ ಸಲ್ಲಿಕೆಯಾದದ್ದು ಎರಡೇ, ಅದೂ ಒಂದೇ ವಿಷಯದ್ದು. ಆ ವಿಷಯದ ಪರೀಕ್ಷೆ ಬರೆದು ಪಾಸಾದರು. ಉಳಿದ ಮೂರು ಬಾಕಿ ಉಳಿದವು.

ಕಾರಣ ಕೇಳಿದಾಗ ‘ಸಮಯ ಸಾಲುವುದಿಲ್ಲ ಸರ್’ ಎಂದರು. ಮನೆ, ನೌಕರಿ, ಅತ್ತೆಯ ಆರೈಕೆ ಎಲ್ಲ ಕಣ್ಣಮುಂದೆಯೇ ಇತ್ತು. ನಂಬಲು ನನಗೆ ಕಷ್ಟವಾಗಲಿಲ್ಲ.

ಮೊದಲ ಪರಿಹಾರ, ಮತ್ತು ಅದು ಸೋತ ಬಗೆ

ಅವರಿಗೊಂದು ವೇಳಾಪಟ್ಟಿ ಮಾಡಿಕೊಟ್ಟೆ. ಬೆಳಿಗ್ಗೆ ನಾಲ್ಕೂವರೆಯಿಂದ ಆರರವರೆಗೆ ಓದು; ರಾತ್ರಿ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಬರಹ; ಭಾನುವಾರ ನಾಲ್ಕು ಗಂಟೆ. ವಿಷಯಕ್ಕೊಂದು ಬಣ್ಣ. ಅವರು ಅದನ್ನು ಗೋಡೆಗೆ ಅಂಟಿಸಿದರು. ಮೂರು ವಾರ ನಡೆಯಿತು. ನಾಲ್ಕನೆಯ ವಾರ ಅತ್ತೆ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ರಾತ್ರಿಯ ನಿದ್ದೆ ಹೋಯಿತು, ಅದರ ಜೊತೆಗೆ ಬೆಳಗಿನ ನಾಲ್ಕೂವರೆಯೂ ಹೋಯಿತು. ಎರಡು ತಿಂಗಳ ನಂತರ ಹೊಸ ಪಟ್ಟಿ ಮಾಡಿದೆವು. ಅದೂ ಕುಸಿಯಿತು. ಮೂರನೆಯದನ್ನು ಮಾಡುವಾಗ ಅವರು ನನ್ನ ಕ್ಷಮೆ ಕೇಳಿದರು.

ಆ ಕ್ಷಮೆ ಈಗಲೂ ನನ್ನನ್ನು ಚುಚ್ಚುತ್ತದೆ. ಪಟ್ಟಿ ಬರೆದದ್ದು ನಾನು, ತಪ್ಪಿತಸ್ಥರಂತೆ ನಿಂತದ್ದು ಅವರು.

ಈಗ ಹಿಂತಿರುಗಿ ನೋಡಿದರೆ ಎರಡು ಸೂಚನೆಗಳು ಸ್ಪಷ್ಟವಾಗಿಯೇ ಇದ್ದವು. ಒಂದು, ಅಸೈನ್‌ಮೆಂಟ್ ಎಲ್ಲಿಗೆ ಬಂತು ಎಂದು ಕೇಳಿದಾಗಲೆಲ್ಲ ಅವರು ‘ಇನ್ನೊಮ್ಮೆ ಓದಿ ಬರೆಯುತ್ತೇನೆ’ ಎನ್ನುತ್ತಿದ್ದರು. ಸಮಯ ಸಾಲದವರು ಹೇಳುವ ಮಾತಲ್ಲ ಅದು. ಸಮಯವಿಲ್ಲದವರು ಇದ್ದುದನ್ನು ಗೀಚಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇನ್ನೊಂದು, ಅವರು ಸಲ್ಲಿಸಿದ ಮೊದಲ ಅಸೈನ್‌ಮೆಂಟ್ ನಾಲ್ಕು ತಿಂಗಳ ನಂತರ ಹಿಂದಿರುಗಿ ಬಂದಿತ್ತು. ತಿದ್ದಿದವರು ನೂರಕ್ಕೆ 43 ಅಂಕ ಹಾಕಿ, ಅಡಿಯಲ್ಲಿ ‘ವಿಶ್ಲೇಷಣೆ ಇಲ್ಲ’ ಎಂದು ಎರಡೇ ಪದ ಬರೆದಿದ್ದರು. ವಿಶ್ಲೇಷಣೆ ಎಂದರೇನು, ಅದು ಎಲ್ಲಿ ಇರಬೇಕಿತ್ತು ಎಂಬ ಒಂದು ವಾಕ್ಯವೂ ಇರಲಿಲ್ಲ. 25 ವರ್ಷಗಳ ನಂತರ ಮೊದಲ ಬಾರಿಗೆ ಯಾರೋ ತಮ್ಮ ಬರಹವನ್ನು ಅಳೆದಾಗ ಆ ಎರಡು ಪದಗಳ ತೂಕ ಎಷ್ಟಿರುತ್ತದೆ ಎಂದು ನಾವು ಯೋಚಿಸುವುದಿಲ್ಲ. ತಿದ್ದಿದವರು ಆ ದಿನ ಬಹುಶಃ ಮೂವತ್ತು ಕಟ್ಟು ತಿದ್ದಿರಬಹುದು. ಓದಿದವರಿಗೆ ಮಾತ್ರ ಅದು ತಮ್ಮ ಬಗ್ಗೆ ಬಂದ ತೀರ್ಪು.

ದೂರಶಿಕ್ಷಣದ ಬಗ್ಗೆ ಬಹುಕಾಲ ಚಿಂತಿಸಿದ ಮೈಕೆಲ್ ಮೂರ್ ಅವರ ಒಂದು ವಿಚಾರ ನಮ್ಮ ತರಬೇತಿಯಲ್ಲಿ ಬರುತ್ತದೆ: ಇಲ್ಲಿ ‘ದೂರ’ವನ್ನು ಅಳೆಯಬೇಕಾದದ್ದು ಮೈಲಿಗಳಲ್ಲಿ ಅಲ್ಲ, ಕಲಿಸುವವರ ಮತ್ತು ಕಲಿಯುವವರ ನಡುವೆ ಮಾತುಕತೆ ಎಷ್ಟು ನಡೆಯುತ್ತದೆ ಎಂಬುದರಲ್ಲಿ. ಪರೀಕ್ಷೆಗೆ ಉರು ಹೊಡೆದು ಮರೆತಿದ್ದ ಮಾತು. ವಿ ಅವರ ಮನೆ ನಮ್ಮ ಕೇಂದ್ರದಿಂದ ನಡೆದು ಬರುವಷ್ಟು ಹತ್ತಿರ. ಆದರೂ ಅವರ ಬರಹ ಎರಡು ವರ್ಷಗಳಲ್ಲಿ ಒಬ್ಬ ಮನುಷ್ಯನೊಂದಿಗೆ ನಿಜವಾಗಿ ಮಾತನಾಡಿದ್ದು ಆ ಎರಡು ಪದಗಳ ಮೂಲಕ ಮಾತ್ರ.

ಎರಡನೆಯ ವರ್ಷವೂ ಹಾಗೆಯೇ ಕಳೆಯಿತು. ಹಳೆಯ ಬಾಕಿಯ ಮೇಲೆ ಇನ್ನೂ 32 ಕ್ರೆಡಿಟ್ ಏರಿಕೊಂಡಿತು. ಪಾಸಾದದ್ದು ಮತ್ತೊಂದು ವಿಷಯ. ಎರಡು ವರ್ಷಗಳ ಗಳಿಕೆ ಒಟ್ಟು 16 ಕ್ರೆಡಿಟ್.

ಬಿಡುವೆನೆಂದು ಬರೆದ ಪತ್ರ

ಎರಡನೆಯ ವರ್ಷದ ಕೊನೆಯಲ್ಲಿ ಅವರು ಒಂದು ಚೀಲ ಹೊತ್ತು ಬಂದರು. ಒಳಗೆ ಹನ್ನೊಂದು ನೋಟ್‌ಪುಸ್ತಕಗಳಿದ್ದವು. ಬೇರೆ ವಿದ್ಯಾರ್ಥಿಗಳಿಗೆ ಉಪಯೋಗವಾಗಲಿ ಎಂದು ಕೇಂದ್ರಕ್ಕೆ ಕೊಡಲು ತಂದಿದ್ದರು. ಜೊತೆಗೆ ನೋಂದಣಿ ರದ್ದುಪಡಿಸುವಂತೆ ಕೋರಿದ ಒಂದು ಪತ್ರ.

ನೋಟ್‌ಪುಸ್ತಕಗಳನ್ನು ತಿರುವಿದೆ. ಮುತ್ತಿನಂಥ ಅಕ್ಷರ. ಶೀರ್ಷಿಕೆಗಳಿಗೆ ಕೆಂಪು ಶಾಯಿ, ಇಸವಿಗಳಿಗೆ ಅಡಿಗೆರೆ. ನಾಲ್ಕನೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ನನಗೆ ಏನೋ ಕಸಿವಿಸಿಯಾಯಿತು. ಒಂದು ಪುಟವನ್ನು ಪಠ್ಯದ ಪಕ್ಕ ಇಟ್ಟು ನೋಡಿದೆ. ವಾಕ್ಯಕ್ಕೆ ವಾಕ್ಯ ಹೊಂದಿಕೊಂಡಿತು. ಇನ್ನೊಂದು ಪುಟ ನೋಡಿದೆ, ಅಲ್ಲೂ ಹಾಗೆಯೇ. ಹನ್ನೊಂದು ನೋಟ್‌ಪುಸ್ತಕಗಳಲ್ಲಿ ಅವರದೇ ಎನ್ನುವ ಒಂದು ವಾಕ್ಯವೂ ನನಗೆ ಸಿಗಲಿಲ್ಲ.

ಆಮೇಲೆ ಪತ್ರ ಓದಿದೆ. ಒಂದೂವರೆ ಪುಟ. ತಾವು ಏನು ಅಂದುಕೊಂಡು ಸೇರಿದರು ಎಂಬುದರಿಂದ ಪತ್ರ ಆರಂಭವಾಗಿತ್ತು. ಎರಡು ವರ್ಷಗಳಲ್ಲಿ ಆದದ್ದೇನು ಎಂಬ ಲೆಕ್ಕ ಕೊಟ್ಟು, ‘ಮನೆಯ ಜವಾಬ್ದಾರಿಯೇ ಕಾರಣ ಎಂದು ಹೇಳುವುದು ಸುಲಭ, ಆದರೆ ಅದೇ ಜವಾಬ್ದಾರಿಯ ನಡುವೆ ನಾನು ಎಲ್ಲ ಪುಸ್ತಕಗಳನ್ನೂ ಮೂರು ಮೂರು ಸಲ ಓದಿದ್ದೇನೆ, ಹಾಗಾಗಿ ಕಾರಣ ಬೇರೆ ಇರಬೇಕು’ ಎಂದು ತಾವೇ ತಮ್ಮ ವಾದವನ್ನು ಪರೀಕ್ಷಿಸಿಕೊಂಡು, ಕೊನೆಗೆ ತಮಗೆ ಓದಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು.

ಎರಡು ವರ್ಷ ನನಗೆ ಕಾಣದೇ ಇದ್ದದ್ದನ್ನು ಅವರು ಒಂದೂವರೆ ಪುಟದಲ್ಲಿ ಬರೆದಿದ್ದರು, ಅದೂ ನಾನು ಅವರಿಂದ ಓದಿದ ಅತ್ಯುತ್ತಮ ಬರಹದಲ್ಲಿ. ಪತ್ರವನ್ನು ಅವರ ಮುಂದಿಟ್ಟು ಹೇಳಿದೆ: ‘ವಿಶ್ಲೇಷಣೆ ಇಲ್ಲ ಎಂದಿದ್ದರಲ್ಲ, ವಿಶ್ಲೇಷಣೆ ಅಂದರೆ ಇದೇ. ಇಲ್ಲಿ ಒಂದು ಪ್ರಶ್ನೆ ಇದೆ, ಆಧಾರ ಇದೆ, ಎದುರು ವಾದವನ್ನು ತೂಗಿ ನೋಡಿದ್ದೀರಿ, ತೀರ್ಮಾನ ಇದೆ. ತೀರ್ಮಾನ ಮಾತ್ರ ತಪ್ಪು.’ ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಒಂದು ಖಾಲಿ ಹಾಳೆ ಕೊಟ್ಟು, ಪುಸ್ತಕ ನೋಡದೆ ಕೈಗಾರಿಕಾ ಕ್ರಾಂತಿ ಮೊದಲು ಇಂಗ್ಲೆಂಡಿನಲ್ಲೇ ಏಕಾಯಿತು ಎಂದು ಹತ್ತು ಸಾಲು ಬರೆಯಿರಿ ಎಂದೆ. ಆ ಘಟಕವನ್ನು ಅವರು ಮೂರು ಬಾರಿ ಓದಿದ್ದರು. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸಾಲು ಬಂತು. ಕಣ್ಣು ತುಂಬಿಕೊಂಡು, ‘ನನಗೆ ಗೊತ್ತಿರುವುದು ಇಷ್ಟೇನಾ ಸರ್?’ ಎಂದರು.

ಗೊತ್ತಿರುವುದು ಅಷ್ಟೇ ಅಲ್ಲ. ಆದರೆ ಮತ್ತೆ ಮತ್ತೆ ಓದುವುದು ಗೊತ್ತಿದೆ ಎಂಬ ಭಾವನೆಯನ್ನು ಬೆಳೆಸುವಷ್ಟು ನೆನಪನ್ನು ಬೆಳೆಸುವುದಿಲ್ಲ. 2006ರಲ್ಲಿ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಗುಂಪು ಪಠ್ಯವನ್ನು ನಾಲ್ಕು ಅವಧಿಗಳಲ್ಲಿ, ಸರಾಸರಿ 14 ಸಲ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಮೂರು ನಾಲ್ಕು ಸಲ ಓದಿ, ಉಳಿದ ಮೂರು ಅವಧಿಗಳಲ್ಲಿ ಪಠ್ಯ ನೋಡದೆ ನೆನಪಿನಿಂದ ಬರೆಯಿತು. ಒಂದು ವಾರದ ನಂತರ ಮೊದಲ ಗುಂಪಿಗೆ ನೆನಪಿದ್ದದ್ದು ಶೇಕಡಾ 40ರಷ್ಟು, ಎರಡನೆಯದಕ್ಕೆ ಶೇಕಡಾ 61ರಷ್ಟು. ವಿ ಅವರು ಎರಡು ವರ್ಷ ಮೊದಲ ಗುಂಪಿನಲ್ಲಿದ್ದರು. ಶ್ರದ್ಧೆ ಹೆಚ್ಚಾದಷ್ಟೂ ಓದು ಹೆಚ್ಚಾಗುತ್ತಿತ್ತು, ಬರೆಯುವ ದಿನ ಮುಂದಕ್ಕೆ ಹೋಗುತ್ತಿತ್ತು.

ಪತ್ರವನ್ನು ಸ್ವೀಕರಿಸುವುದಿಲ್ಲ ಎಂದೆ. ಒಂದು ತಿಂಗಳು ಕಾಯಲು ಒಪ್ಪಿದರು.

ಎರಡನೆಯ ಪ್ರಯತ್ನ

ಈ ಸಲ ಮೊದಲು ಲೆಕ್ಕ. ಎರಡು ವಾರ ಕೂತ ಪ್ರತಿ ಹೊತ್ತನ್ನೂ ಬರೆದಿಡಲು ಹೇಳಿದೆ. ಬದಲಾಯಿಸುವುದು ಬೇಡ, ಬರೆದಿಟ್ಟರೆ ಸಾಕು ಎಂದೆ. ದಿನಕ್ಕೆ ಮೂರು ಗಂಟೆ ಓದುತ್ತೇನೆ ಎಂದು ಅವರು ನಂಬಿದ್ದರು. ವಾರಕ್ಕೆ ಒಟ್ಟು ಒಂಬತ್ತು ಗಂಟೆ ಬಂತು. 32 ಕ್ರೆಡಿಟ್‌ಗೆ ವರ್ಷಕ್ಕೆ 960 ಗಂಟೆ, ಅಂದರೆ ವಾರಕ್ಕೆ ಹದಿನೆಂಟೂವರೆ ಗಂಟೆ ಬೇಕು. ಬೇಕಾದದ್ದರ ಅರ್ಧವೂ ಇಲ್ಲದೆ ಎರಡು ವರ್ಷ ಅವರು ತಮ್ಮನ್ನು ಸೋಮಾರಿ ಎಂದು ಬೈದುಕೊಂಡಿದ್ದರು.

ಉಳಿದದ್ದು 80 ಕ್ರೆಡಿಟ್, ನಾಲ್ಕು ವರ್ಷ. ವರ್ಷಕ್ಕೆ 20 ಎಂದರೆ 600 ಗಂಟೆ, ವಾರಕ್ಕೆ ಹನ್ನೊಂದೂವರೆ. ಇದ್ದದ್ದು ಒಂಬತ್ತು. ಕೊರತೆ ಎರಡೂವರೆ ಗಂಟೆ. ‘ಸಮಯವೇ ಇಲ್ಲ’ ಎಂಬುದಕ್ಕೂ ‘ಎರಡೂವರೆ ಗಂಟೆ ಬೇಕು’ ಎಂಬುದಕ್ಕೂ ಎಷ್ಟು ಅಂತರವಿದೆ ಎಂದು ಅವರ ಮುಖದಲ್ಲೇ ಕಾಣಿಸಿತು.

ಆ ಎರಡೂವರೆ ಗಂಟೆ ಎಲ್ಲಿಂದ ಬರಬೇಕು? ಮನೆಯಲ್ಲಿ ಹಿಂಡಲು ಇನ್ನೇನೂ ಉಳಿದಿರಲಿಲ್ಲ. ಗ್ರಂಥಾಲಯದಲ್ಲಿ ಇತ್ತು. ಬಾಗಿಲು ತೆರೆಯುವ ಮುಂಚಿನ ಹೊತ್ತು ಅಲ್ಲಿ ಮೇಜು, ಬೆಳಕು, ಮೌನ ಎಲ್ಲವೂ ಇದ್ದವು. ಆದರೆ ಅದಕ್ಕಾಗಿ ತಾವು ಓದುತ್ತಿರುವುದನ್ನು ಅವರು ಮುಖ್ಯಸ್ಥರಿಗೆ ಹೇಳಬೇಕಿತ್ತು. ಎರಡು ವರ್ಷಗಳಿಂದ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಫೇಲಾದರೆ ಎಂಬ ಭಯ ಒಂದು. ಪದವಿ ಇಲ್ಲ ಎಂದು ತಾವಾಗಿಯೇ ಒಪ್ಪಿಕೊಂಡಂತಾಗುತ್ತದೆ ಎಂಬ ಸಂಕೋಚ ಇನ್ನೊಂದು. ಹೇಳಲು ಅವರಿಗೆ ಐದು ವಾರ ಹಿಡಿಯಿತು. ಮುಖ್ಯಸ್ಥರು ಕೇಳಿ, ವಾರಕ್ಕೆ ಮೂರು ದಿನ ಐವತ್ತು ನಿಮಿಷ ಮೊದಲೇ ಬಾಗಿಲು ತೆರೆದುಕೊಳ್ಳಲು ಕೀಲಿ ಕೊಟ್ಟರು. ಮೂರು ಐವತ್ತು ನೂರೈವತ್ತು ನಿಮಿಷ, ಸರಿಯಾಗಿ ಎರಡೂವರೆ ಗಂಟೆ. ಎಲ್ಲರಿಗೂ ಇಂಥ ಮುಖ್ಯಸ್ಥರು ಸಿಗುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಕೇಳದೇ ಇದ್ದಿದ್ದರೆ ಇವರಿಗೂ ಸಿಗುತ್ತಿರಲಿಲ್ಲ.

ಮನೆಯಲ್ಲಿ ತಡೆ ಬಂದದ್ದು ನಾವು ಎಣಿಸದ ಕಡೆಯಿಂದ. ಪತಿ ಓದಿಗೆ ಎಂದೂ ವಿರೋಧವಾಗಿರಲಿಲ್ಲ. ಆದರೆ ವಿಷಯಗಳನ್ನು ಕಡಿಮೆ ಮಾಡುವುದು ಅವರಿಗೆ ಸೋಲೊಪ್ಪಿಕೊಂಡಂತೆ ಕಂಡಿತು. ‘ಬೇಗ ಮುಗಿಸಿ ನಿಶ್ಚಿಂತೆಯಾಗಿರು, ಎಳೆದಾಡಬೇಡ’ ಎನ್ನುತ್ತಿದ್ದರು. ಒಂದು ಭಾನುವಾರ ಇಬ್ಬರೂ ಕೇಂದ್ರಕ್ಕೆ ಬಂದರು. ನಾನು ಉಪದೇಶ ಮಾಡಲಿಲ್ಲ, ಗಂಟೆಗಳ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಪಾಳಿಯ ಲೆಕ್ಕದಲ್ಲಿ ಬದುಕುವ ಮನುಷ್ಯ. ಹಾಳೆಯನ್ನು ಎರಡು ನಿಮಿಷ ನೋಡಿ, ‘ಇದು ಮೊದಲೇ ಗೊತ್ತಿದ್ದರೆ ನಾನು ಅವಸರ ಮಾಡುತ್ತಿರಲಿಲ್ಲ’ ಎಂದರು. ತಮಗೆ ರಾತ್ರಿ ಪಾಳಿ ಇಲ್ಲದ ವಾರಗಳಲ್ಲಿ ತಾಯಿಯ ರಾತ್ರಿಯ ಆರೈಕೆಯನ್ನು ತಾವೇ ವಹಿಸಿಕೊಂಡರು.

ಬರಹಕ್ಕೆ ಒಂದೇ ನಿಯಮ ಇಟ್ಟೆವು. ಒಂದು ಘಟಕ ಓದಿದ ಮೇಲೆ ಪುಸ್ತಕ ಮುಚ್ಚಿ, ನೆನಪಿನಿಂದ, ಕೈಬರಹದಲ್ಲಿ ಅರ್ಧ ಪುಟ. ಎರಡನೆಯ ಬಾರಿ ಓದಬೇಕೆನಿಸಿದರೆ ಅರ್ಧ ಪುಟ ಬರೆದ ನಂತರ ಮಾತ್ರ. ಭಾನುವಾರ ರಾತ್ರಿ ಅದರ ಫೋಟೊ ನನ್ನ ಮೊಬೈಲಿಗೆ ಬರಬೇಕು, ಹೇಗಿದ್ದರೂ ಸರಿ. ನಾನು ಅಂಕ ಕೊಡುವುದಿಲ್ಲ, ತಿದ್ದುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳುತ್ತೇನೆ.

ಏನಾಯಿತು

ಮೊದಲ ನಾಲ್ಕು ಭಾನುವಾರಗಳಲ್ಲಿ ಎರಡರಂದು ಏನೂ ಬರಲಿಲ್ಲ. ಮೂರನೆಯ ವಾರ ಐದು ಸಾಲು ಬಂತು, ಕೆಳಗೆ ‘ಇಷ್ಟೇ ಆಯಿತು, ಕ್ಷಮಿಸಿ’. ‘ಕಲ್ಲಿದ್ದಲು ಇತ್ತು ಎಂದು ಬರೆದಿದ್ದೀರಿ, ಕಲ್ಲಿದ್ದಲು ಇದ್ದ ಬೇರೆ ದೇಶಗಳಲ್ಲಿ ಏಕೆ ಆಗಲಿಲ್ಲ?’ ಎಂದು ಕೇಳಿದೆ. ಮರುದಿನ ಬೆಳಿಗ್ಗೆ, ಗ್ರಂಥಾಲಯ ತೆರೆಯುವ ಮುಂಚೆಯೇ, ಒಂದು ಪುಟ ಬಂತು. ಕೂಲಿ ದುಬಾರಿಯಾಗಿದ್ದು ಇಂಧನ ಅಗ್ಗವಾಗಿದ್ದ ಕಡೆ ಯಂತ್ರಕ್ಕೆ ಹಣ ಹಾಕುವುದು ಲಾಭ ಎಂದು, ತಮ್ಮ ಕಪಾಟಿನ ಪುಸ್ತಕವೊಂದನ್ನು ಹುಡುಕಿ ಓದಿ, ತಮ್ಮ ಮಾತಿನಲ್ಲಿ ಬರೆದಿದ್ದರು. ವಾಕ್ಯಗಳು ಒರಟಾಗಿದ್ದವು, ಎರಡು ಕಡೆ ಕ್ರಿಯಾಪದವೇ ಬಿಟ್ಟುಹೋಗಿತ್ತು. ಹನ್ನೊಂದು ನೋಟ್‌ಪುಸ್ತಕಗಳಲ್ಲಿ ಸಿಗದ ಅವರ ಸ್ವಂತ ವಾಕ್ಯಗಳು ಆ ಪುಟದ ತುಂಬ ಇದ್ದವು.

ಮೂರನೆಯ ವರ್ಷ ಎಣಿಸಿದ 20 ಕ್ರೆಡಿಟ್ ಪೂರ್ತಿ ದಕ್ಕಿತು. ಆ ವರ್ಷ ಒಂದು ಹೊಸ ಸಂಗತಿ ತಿಳಿಯಿತು. ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಅವರ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಸಂಖ್ಯೆ, ಹೆಸರು, ದಿನಾಂಕ ಬರೆಯುವ ಕೈಗೆ ಹದಿನೈದು ಪುಟ ಬರೆಯುವ ರೂಢಿ ತಪ್ಪಿತ್ತು. ಓದುವ ಕನ್ನಡಕವೂ ಹಳೆಯದಾಗಿತ್ತು. ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಸಹಜ, ಆದರೆ ರಾತ್ರಿಯ ತಲೆನೋವನ್ನು ಅವರು ಓದಿನ ಭಾರ ಎಂದುಕೊಂಡಿದ್ದರು. ಕನ್ನಡಕ ಬದಲಾಯಿತು. ಅಣಕು ಪರೀಕ್ಷೆಯನ್ನು ಮೊದಲು ನಲವತ್ತು ನಿಮಿಷ, ಆಮೇಲೆ ಒಂದು ಗಂಟೆ, ಎರಡು ಗಂಟೆ ಹೀಗೆ ಏರಿಸುತ್ತ ಹೋದರು. ಇಂಥ ವಿಷಯಗಳು ಯಾವ ಮಾಹಿತಿ ಪುಸ್ತಕದಲ್ಲೂ ಇರುವುದಿಲ್ಲ. ವಿದ್ಯಾರ್ಥಿಗಳು ನಾಚಿಕೆಯಿಂದ ಹೇಳುವುದೂ ಇಲ್ಲ.

ಮುಂದಿನದೆಲ್ಲ ಸಲೀಸಾಗಿ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕನೆಯ ವರ್ಷ ಸಂಖ್ಯಾಶಾಸ್ತ್ರದ ನಾಲ್ಕು ಕ್ರೆಡಿಟ್‌ಗಳ ವಿಷಯದಲ್ಲಿ ಫೇಲಾದರು. ಆ ವರ್ಷದ ಗಳಿಕೆ 16. ಐದನೆಯ ವರ್ಷ ಅತ್ತೆ ತೀರಿಕೊಂಡರು. ಒಂದು ಪರೀಕ್ಷಾ ಅವಧಿ ಪೂರ್ತಿ ಕೈಬಿಟ್ಟರು, 12 ಮಾತ್ರ ಆಯಿತು. ಆ ಐದು ತಿಂಗಳು ಭಾನುವಾರದ ಫೋಟೊ ಬರಲಿಲ್ಲ. ನಾನು ವಾರಕ್ಕೊಂದು ಪ್ರಶ್ನೆ ಕಳಿಸುವುದನ್ನು ನಿಲ್ಲಿಸಬೇಕೇ ಎಂದು ಯೋಚಿಸಿ, ತಿಂಗಳಿಗೊಂದು ಕಳಿಸಿದೆ. ‘ಉತ್ತರ ಬೇಡ, ಓದಿದರೆ ಸಾಕು’ ಎಂದು ಕೆಳಗೆ ಬರೆಯುತ್ತಿದ್ದೆ. ಆರನೆಯ ತಿಂಗಳು ಅರ್ಧ ಪುಟ ಬಂತು. ಸಮಾಜಶಾಸ್ತ್ರದ ಕುಟುಂಬದ ಘಟಕದ ಬಗ್ಗೆ. ಆರೈಕೆಯ ಕೆಲಸವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂದು ಅದರಲ್ಲಿ ಅವರೇ ನನಗೊಂದು ಪ್ರಶ್ನೆ ಹಾಕಿದ್ದರು.

ಆರನೆಯ ವರ್ಷ 24 ಕ್ರೆಡಿಟ್. ನಾವಿಬ್ಬರೂ ಒಪ್ಪಿಕೊಂಡಿದ್ದ ಮಿತಿಯನ್ನು ಮೀರಿ ಅವರು ಹೆಚ್ಚು ವಿಷಯ ತೆಗೆದುಕೊಂಡರು. ನಾನು ಬೇಡ ಎಂದಿದ್ದೆ. ಗಡುವು ಹತ್ತಿರವಿತ್ತು, ಅವರಿಗೆ ಈಗ ತಮ್ಮ ಶಕ್ತಿ ಗೊತ್ತಿತ್ತು. ಆ ನಿರ್ಧಾರ ಅವರದೇ ಸರಿ. ಆದರೂ ಆರು ವರ್ಷ ಮುಗಿದಾಗ 88ರಲ್ಲಿ ನಿಂತರು. ಎಂಟು ಕ್ರೆಡಿಟ್ ಬಾಕಿ, ಅದರಲ್ಲಿ ಅದೇ ಸಂಖ್ಯಾಶಾಸ್ತ್ರ. ನಾಲ್ಕು ವರ್ಷಗಳ ಹಿಂದಿನ ವಿ ಅವರಾಗಿದ್ದರೆ ಇನ್ನೊಂದು ಪತ್ರ ಬರೆಯುತ್ತಿದ್ದರೇನೋ. ಈ ಬಾರಿ ಮರುಪ್ರವೇಶದ ನಿಯಮವನ್ನು ತಾವೇ ಓದಿಕೊಂಡು, ಅರ್ಜಿ ತುಂಬಿಕೊಂಡು ಬಂದು, ಸಹಿ ಎಲ್ಲಿ ಎಂದು ಮಾತ್ರ ಕೇಳಿದರು. ಮುಂದಿನ ಅರ್ಧ ವರ್ಷದಲ್ಲಿ ಎರಡೂ ವಿಷಯ ಮುಗಿದವು. ದ್ವಿತೀಯ ದರ್ಜೆ. ಆಗ ಅವರಿಗೆ ಐವತ್ತು ತುಂಬಿತ್ತು.

ಈ ಪ್ರಕರಣದಿಂದ ನಾನು ಬದಲಿಸಿಕೊಂಡದ್ದು

ಈಗ ಹೊಸ ವಿದ್ಯಾರ್ಥಿ ಬಂದರೆ ವೇಳಾಪಟ್ಟಿಯ ಮಾತು ಎತ್ತುವುದಿಲ್ಲ. ಮೊದಲ ಭೇಟಿಯಲ್ಲೇ ಅರ್ಧ ಪುಟ ಬರೆಸುತ್ತೇನೆ, ಏಕೆ ಓದಬೇಕೆಂದಿದ್ದೀರಿ ಎಂಬುದರ ಬಗ್ಗೆಯೇ. ಅಳೆಯುವುದಕ್ಕಲ್ಲ. ಬರೆಯಲು ಕೂತಾಗ ಅವರ ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದಕ್ಕೆ. ‘ಸಮಯ ಸಾಲುವುದಿಲ್ಲ’ ಎನ್ನುವವರಲ್ಲಿ ಹಲವರಿಗೆ ಅದು ನಿಜವೇ. ಕೆಲವರಿಗೆ ಮಾತ್ರ ಅದು ಹೇಳಲು ಮರ್ಯಾದೆಯಿರುವ ಕಾರಣ. ವಿ ಅವರ ಪ್ರಕರಣದಲ್ಲಿ ಎರಡೂ ಬೆರೆತಿದ್ದವು, ಅದರಿಂದಲೇ ನಾನು ಮೋಸಹೋದೆ. ಗಂಟೆಗಳ ಲೆಕ್ಕ ಇಲ್ಲದೆ ಬರಹದ ಅಭ್ಯಾಸ ಒಂದನ್ನೇ ಹಿಡಿದಿದ್ದರೆ 32 ಕ್ರೆಡಿಟ್‌ಗಳ ಭಾರ ಅವರನ್ನು ಮತ್ತೆ ಮುಳುಗಿಸುತ್ತಿತ್ತು. ಬರಹ ಬಿಟ್ಟು ಭಾರವನ್ನಷ್ಟೇ ಇಳಿಸಿದ್ದರೆ ಉಳಿದ ಸಮಯದಲ್ಲಿ ಅವರು ನಾಲ್ಕನೆಯ ಬಾರಿ ಓದುತ್ತಿದ್ದರು.

ಮೊದಲ ವರ್ಷವೇ ಪೂರ್ತಿ ವಿಷಯಗಳಿಗೆ ನೋಂದಾಯಿಸಬೇಡಿ ಎಂದು ನಲವತ್ತು ದಾಟಿದವರಿಗೆ ಈಗ ಗಟ್ಟಿಯಾಗಿಯೇ ಹೇಳುತ್ತೇನೆ. ಎರಡು ವಾರದ ಗಂಟೆಗಳನ್ನು ಬರೆದಿಟ್ಟುಕೊಂಡು ಬನ್ನಿ, ಆಮೇಲೆ ಅರ್ಜಿ ತುಂಬೋಣ ಎನ್ನುತ್ತೇನೆ. ಕೆಲವರು ಬೇಸರಪಟ್ಟುಕೊಂಡು ಹೋಗುತ್ತಾರೆ. ಅಸೈನ್‌ಮೆಂಟ್ ತಿದ್ದುವ ಸಹೋದ್ಯೋಗಿಗಳಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ‘ವಿಶ್ಲೇಷಣೆ ಇಲ್ಲ’ ಎಂದು ಬರೆಯುವ ಜಾಗದಲ್ಲಿ, ಇಂಥ ಸಾಲಿನ ನಂತರ ‘ಏಕೆ’ ಎಂದು ಕೇಳಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಒಂದು ಸಾಲು ಬರೆಯಿರಿ.

ಬಗೆಹರಿಯದ ತೊಂದರೆ ಒಂದಿದೆ. ಒಬ್ಬರ ಅರ್ಧ ಪುಟ ಓದಿ ಒಂದು ಒಳ್ಳೆಯ ಪ್ರಶ್ನೆ ಕೇಳಲು ನನಗೆ ಹತ್ತು ನಿಮಿಷ ಬೇಕು. ನನ್ನ ಪಟ್ಟಿಯಲ್ಲಿ ಅರವತ್ತು ಜನರಿದ್ದಾರೆ. ಅಂದರೆ ವಾರಕ್ಕೆ ಹತ್ತು ಗಂಟೆ. ಅರೆಕಾಲಿಕ ಸಲಹೆಗಾರನಿಗೆ ಆಗದ ಮಾತು. ಹಾಗಾಗಿ ಕಳೆದ ವರ್ಷ ನಾಲ್ಕು ನಾಲ್ಕು ಜನರ ಮೂರು ಗುಂಪು ಮಾಡಿ, ಒಬ್ಬರ ಅರ್ಧ ಪುಟವನ್ನು ಇನ್ನೊಬ್ಬರು ಓದಿ ಪ್ರಶ್ನೆ ಕೇಳುವಂತೆ ಏರ್ಪಡಿಸಿದೆ. ಎರಡು ಗುಂಪುಗಳು ನಡೆಯುತ್ತಿವೆ. ಮೂರನೆಯದು ಎರಡು ತಿಂಗಳಲ್ಲಿ ನಿಂತುಹೋಯಿತು. ಅಲ್ಲಿ ಒಬ್ಬರು ಪ್ರಶ್ನೆ ಕೇಳುವ ಬದಲು ಕಾಗುಣಿತ ತಿದ್ದತೊಡಗಿದ್ದರು, ಉಳಿದವರು ಒಬ್ಬೊಬ್ಬರಾಗಿ ಕಳಿಸುವುದನ್ನೇ ಬಿಟ್ಟರು. ಆ ಗುಂಪನ್ನು ಮತ್ತೆ ಕಟ್ಟಲು ಈ ತಿಂಗಳು ವಿ ಅವರನ್ನು ಕೇಳಿಕೊಂಡೆ. ಗ್ರಂಥಾಲಯದ ಬೆಳಗಿನ ಕೀಲಿ ಇನ್ನೂ ತಮ್ಮ ಬಳಿಯೇ ಇದೆ, ಗುರುವಾರ ಆ ಹೊತ್ತಿಗೆ ನಾಲ್ವರೂ ಅಲ್ಲಿಗೇ ಬರಲಿ ಎಂದಿದ್ದಾರೆ.